ಮ್ಯಾರಥಾನ್ ಎಂಬ ಪದದ ನಾನಾರ್ಥಗಳು: ಸೋಂಪಿನ ಬಯಲಿನಿಂದ ಶೂಟರ್ ಆಟದವರೆಗೆ

ಒಂದೇ ಪದ ಹಲವು ಅರ್ಥಗಳನ್ನು ಹೊತ್ತು ನಡೆಯುವುದನ್ನು ಭಾರತದ ಕೋಶಕಾರರು ಬಹು ಹಿಂದೆಯೇ ಗುರುತಿಸಿ, ಅಂಥ ಪದಗಳಿಗೆ ತಮ್ಮ ನಿಘಂಟುಗಳಲ್ಲಿ ಪ್ರತ್ಯೇಕ ಸ್ಥಾನ ಕಲ್ಪಿಸಿದ್ದರು. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂಬ ಭಾಗವೇ ಇದೆ. ಕನ್ನಡದಲ್ಲಿ ದೇವೋತ್ತಮನ ನಾನಾರ್ಥರತ್ನಾಕರ ಈ ಉದ್ದೇಶಕ್ಕೇ ಮೀಸಲಾದ ಕೃತಿ. ಯುರೋಪಿನಲ್ಲಿ ಇದೇ ಸಂಗತಿಗೆ ಶಾಸ್ತ್ರೀಯವಾದ ಹೆಸರು ದೊರೆತದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಬರ್ಲಿನ್ನಿನಲ್ಲಿ ಫ್ರಾಂಟ್ಸ್ ಬೊಪ್ಪನ ಬಳಿ ಸಂಸ್ಕೃತ ಕಲಿತು, ಬೊಪ್ಪನ ತೌಲನಿಕ ವ್ಯಾಕರಣವನ್ನು ಫ್ರೆಂಚಿಗೆ ಅನುವಾದಿಸಿ, ಪ್ಯಾರಿಸ್ಸಿನ ಕೊಲೇಜ್ ದ ಫ್ರಾನ್ಸ್‌ನಲ್ಲಿ ದೀರ್ಘಕಾಲ ಪಾಠ ಹೇಳಿದ ಮಿಶೆಲ್ ಬ್ರೆಯಾಲ್ ಎಂಬ ವಿದ್ವಾಂಸನು ಪದಾರ್ಥಗಳ ಅಧ್ಯಯನಕ್ಕೆ 'ಸೆಮ್ಯಾಂಟಿಕ್ಸ್' ಎಂಬ ಹೆಸರನ್ನೂ ಒಂದು ಪದದ ಬಹ್ವರ್ಥತೆಗೆ 'ಪಾಲಿಸೆಮಿ' ಎಂಬ ಹೆಸರನ್ನೂ ಬಳಕೆಗೆ ತಂದನು. 1897ರಲ್ಲಿ ಪ್ರಕಟವಾದ ಅವನ ಅರ್ಥವಿಚಾರದ ಗ್ರಂಥದ ಒಂದು ಮುಖ್ಯ ಪ್ರತಿಪಾದನೆಯೆಂದರೆ, ಹೊಸ ಅರ್ಥ ಹುಟ್ಟಿದೊಡನೆ ಹಳೆಯದು ಸಾಯಬೇಕಾಗಿಲ್ಲ, ಎರಡೂ ಅಕ್ಕಪಕ್ಕದಲ್ಲಿ ಬಾಳಬಲ್ಲವು, ಮಾತಿನ ಸಂದರ್ಭವೇ ಬೇಕಾದ ಅರ್ಥವನ್ನು ಮುಂದೆ ತರುವುದರಿಂದ ಕೇಳುವವನಿಗೆ ಗೊಂದಲವೂ ಆಗುವುದಿಲ್ಲ ಎಂಬುದು.

ಈ ಉಪನ್ಯಾಸಕ್ಕೆ ಮ್ಯಾರಥಾನ್ ಎಂಬ ಪದವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣ ಬ್ರೆಯಾಲನೇ. ಬಹ್ವರ್ಥತೆಯ ಬಗ್ಗೆ ಗ್ರಂಥ ಪ್ರಕಟಿಸುವುದಕ್ಕೆ ಕೆಲವೇ ವರ್ಷ ಮುಂಚೆ ಅವನು ತಾನೇ ಒಂದು ಪದಕ್ಕೆ ಹೊಸ ಅರ್ಥವನ್ನು ಹುಟ್ಟಿಸಿದ್ದನು. ಇಂದು ಜಗತ್ತಿನ ಬಹುತೇಕ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಆ ಪದ ಕೇಳಿದೊಡನೆ ಮೊದಲು ಹೊಳೆಯುವುದು ಅವನು ಕೊಟ್ಟ ಅರ್ಥವೇ. ಅರ್ಥಗಳು ತಾವಾಗಿ ಬೆಳೆಯುತ್ತವೆ ಎಂಬ ಮಾತು ಭಾಷಾಶಾಸ್ತ್ರದಲ್ಲಿ ಪದೇಪದೇ ಕೇಳಿಬರುತ್ತದೆಯಾದರೂ, ಈ ಪದದ ಚರಿತ್ರೆಯಲ್ಲಿ ಪ್ರತಿ ತಿರುವಿನಲ್ಲೂ ಯಾರೋ ಒಬ್ಬರು ಅಥವಾ ಒಂದು ಗುಂಪಿನವರು ಹಿಂದಿನ ಅರ್ಥದ ಒಂದು ತುಣುಕನ್ನು ಹಿಡಿದುಕೊಂಡು ಉಳಿದುದನ್ನು ಬಿಟ್ಟಿರುವುದು ಕಾಣುತ್ತದೆ. ಹಾಗೆ ಬಿಟ್ಟುಹೋದ ತುಣುಕುಗಳನ್ನು ಶತಮಾನದ ನಂತರ ಮತ್ತೆ ಕೂಡಿಸಿದವರು, ಅನಿರೀಕ್ಷಿತವಾಗಿ, ಅಮೆರಿಕದ ಶಿಕಾಗೊ ನಗರದ ಕಂಪ್ಯೂಟರ್ ಆಟದ ರಚನಕಾರರು.

ಪದದ ಮೊದಲ ನೆಲೆ ಒಂದು ಗಿಡ. ಕನ್ನಡನಾಡಿನ ಮನೆಗಳಲ್ಲಿ ಸೋಂಪು, ಬಡೇಸೋಪು ಎಂಬ ಹೆಸರುಗಳಿಂದ ಪರಿಚಿತವಾದ, ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಕಾಳಿನ ಗಿಡವನ್ನು ಪ್ರಾಚೀನ ಗ್ರೀಕರು ಮಾರಥೊನ್ ಅಥವಾ ಮಾರಥೊಸ್ ಎಂದು ಕರೆಯುತ್ತಿದ್ದರು. ಈ ಹೆಸರು ಹೋಮರನ ಕಾಲಕ್ಕಿಂತಲೂ ಹಳೆಯದು. ಮೈಸೀನೆ ಎಂಬ ಕೋಟೆಯೂರಿನಲ್ಲಿ ಸಿಕ್ಕ ಕ್ರಿ.ಪೂ. ಹದಿಮೂರನೆಯ ಶತಮಾನದ ಮಣ್ಣಿನ ಫಲಕಗಳಲ್ಲಿ, ಕೊತ್ತಂಬರಿ, ಜೀರಿಗೆ, ಎಳ್ಳುಗಳ ಲೆಕ್ಕದ ಜೊತೆಗೆ 'ಮ-ರ-ತು-ವೊ' ಎಂಬ ಪದವೂ ಬರುತ್ತದೆ. ಲಿನಿಯರ್ ಬಿ ಎಂದು ಕರೆಯಲಾಗುವ ಈ ಲಿಪಿಯಲ್ಲಿ ಒಂದೊಂದು ಚಿಹ್ನೆ ಒಂದೊಂದು ಅಕ್ಷರವನ್ನು, ಎಂದರೆ ಸಾಮಾನ್ಯವಾಗಿ ವ್ಯಂಜನ ಮತ್ತು ಸ್ವರದ ಜೋಡಿಯನ್ನು, ಸೂಚಿಸುತ್ತದೆ. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಅದನ್ನು ಓದಿ ಗ್ರೀಕ್ ಎಂದು ತೋರಿಸುವವರೆಗೆ ಈ ಲಿಪಿಯ ಬರಹ ಯಾರಿಗೂ ಅರ್ಥವಾಗಿರಲಿಲ್ಲ. ಯುದ್ಧದಿಂದಲೂ ಓಟದಿಂದಲೂ ಸಾವಿರಾರು ಮೈಲಿ ದೂರವಿರುವಂತೆ ತೋರುವ, ಉಗ್ರಾಣದ ಗುಮಾಸ್ತನೊಬ್ಬ ಹಸಿಮಣ್ಣಿನ ಮೇಲೆ ಗೀಚಿದ ಈ ನಾಲ್ಕು ಅಕ್ಷರಗಳೇ ಪದದ ಅತಿ ಪ್ರಾಚೀನ ಲಿಖಿತ ರೂಪ.

ಅಥೆನ್ಸಿನ ಈಶಾನ್ಯಕ್ಕೆ, ಕಡಲ ಮಗ್ಗುಲಲ್ಲಿರುವ ಒಂದು ಬಯಲಿಗೆ, ಅಲ್ಲಿ ಕಾಡು ಸೋಂಪು ಹುಲುಸಾಗಿ ಬೆಳೆಯುತ್ತಿದ್ದುದರಿಂದ ಮ್ಯಾರಥಾನ್ ಎಂಬ ಹೆಸರು ಬಂತು. ಭಾರತೀಯ ಶಬ್ದಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಅವಯವಗಳ ಅರ್ಥದಿಂದಲೇ ಹೊರಡುವ ಯೌಗಿಕ ಪದ ಇದು: ಸೋಂಪು ಇರುವ ಎಡೆ. ಕನ್ನಡನಾಡಿನಲ್ಲಿ ಹುಣಸೂರು, ಹಲಸೂರುಗಳ ಹೆಸರು ಕೇಳಿದೊಡನೆ ಯಾರಿಗೂ ಹುಣಸೆಯಾಗಲಿ ಹಲಸಾಗಲಿ ನೆನಪಾಗದಂತೆ, ಬಯಲಿನ ಹೆಸರಾದ ಮೇಲೆ ಗಿಡ ಹಿಂದೆ ಸರಿದು, ಪದ ರೂಢವಾಯಿತು. ರೂಢ ಎಂದರೆ ಅವಯವಾರ್ಥವನ್ನು ಲೆಕ್ಕಿಸದೆ ಬಳಕೆಯ ಬಲದಿಂದಲೇ ಅರ್ಥ ಕೊಡುವುದು. ಪದವೊಂದು ಮುಂದೆ ಎಷ್ಟು ದೂರ ಹೋದೀತು ಎಂಬುದಕ್ಕೆ ಈ ಮರೆವು ಅಗತ್ಯವಾದ ಮೊದಲ ಹೆಜ್ಜೆ.

ಕ್ರಿ.ಪೂ. 490ರಲ್ಲಿ ಪರ್ಷಿಯದ ದೊರೆ ಡೇರಿಯಸ್ಸನ ಸೈನ್ಯ, ಡಾಟಿಸ್ ಮತ್ತು ಅರ್ಟಫರ್ನೀಸ್ ಎಂಬ ದಳಪತಿಗಳ ನೇತೃತ್ವದಲ್ಲಿ, ಹಡಗುಗಳಿಂದ ಇಳಿದು ಈ ಬಯಲಿನಲ್ಲಿ ಬೀಡುಬಿಟ್ಟಿತು. ಅಥೆನ್ಸಿನವರೂ ಅವರ ನೆರವಿಗೆ ಬಂದ ಪ್ಲಟೇಯದವರೂ ಮಿಲ್ಟಿಯಾಡೀಸನ ಸಲಹೆಯಂತೆ ಓಡುತ್ತಲೇ ಶತ್ರುಗಳ ಮೇಲೆ ಬಿದ್ದು ಗೆದ್ದರು. ಹೆರೊಡೋಟಸ್ ಕೊಡುವ ಲೆಕ್ಕದಂತೆ ಪರ್ಷಿಯದ ಕಡೆ 6,400 ಮಂದಿ, ಅಥೆನ್ಸಿನ ಕಡೆ 192 ಮಂದಿ ಸತ್ತರು. ಆ 192 ಮಂದಿಯ ಮೇಲೆ ಎತ್ತಿದ ಮಣ್ಣಿನ ದಿಬ್ಬ ಇಂದಿಗೂ ಅಲ್ಲಿದೆ. ಗ್ರೀಕರಿಗೆ ಮ್ಯಾರಥಾನ್ ಎಂದರೆ ಅಲ್ಲಿಂದ ಮುಂದೆ ಈ ಗೆಲುವು. ಊರಿನ ಹೆಸರು ಅಲ್ಲಿ ನಡೆದ ಘಟನೆಯ ಹೆಸರಾಗುವುದು ಎಲ್ಲ ಭಾಷೆಗಳಲ್ಲೂ ಕಾಣುವ ಸಂಗತಿ. ಪ್ಲಾಸಿ, ಪಾಣಿಪತ್ ಎಂಬ ಮಾತುಗಳು ಕನ್ನಡದಲ್ಲೂ ಊರುಗಳನ್ನಲ್ಲದೆ ಕದನಗಳನ್ನು ಹೇಳುತ್ತವೆ.

ಇಲ್ಲಿಯವರೆಗೆ ಪದದ ದಾರಿ ಸರಳ. ಮುಂದಿನ ತಿರುವು ಹಾಗಲ್ಲ, ಏಕೆಂದರೆ ಓಟದ ಅರ್ಥಕ್ಕೆ ಆಧಾರವಾದ ಕಥೆ ಅತ್ಯಂತ ಹಳೆಯ ಆಕರದಲ್ಲಿ ಇಲ್ಲ. ಕದನ ನಡೆದ ಸುಮಾರು ಐವತ್ತು ಅರವತ್ತು ವರ್ಷಗಳ ನಂತರ ಬರೆದ ಹೆರೊಡೋಟಸ್ ಒಬ್ಬ ಓಟಗಾರನನ್ನು ಹೆಸರಿಸುತ್ತಾನೆ. ಫೈಡಿಪ್ಪಿಡೀಸ್ ಎಂಬ ಆ ದೂತ, ಕದನಕ್ಕೆ ಮುಂಚೆ, ನೆರವು ಕೇಳಲು ಅಥೆನ್ಸಿನಿಂದ ಸ್ಪಾರ್ಟಕ್ಕೆ ಓಡಿ ಮರುದಿನವೇ ತಲಪುತ್ತಾನೆ. ಆ ದೂರ ಇಂದಿನ ಲೆಕ್ಕದಲ್ಲಿ ಸುಮಾರು 240 ಕಿಲೋಮೀಟರ್. ಹುಣ್ಣಿಮೆಯಾಗುವವರೆಗೆ ಹೊರಡುವಂತಿಲ್ಲವೆಂದು ಸ್ಪಾರ್ಟದವರು ಹೇಳಿದ್ದರಿಂದ ಆ ಓಟದಿಂದ ಕದನಕ್ಕೆ ಪ್ರಯೋಜನವಾಗಲಿಲ್ಲ. ಕದನದ ನಂತರ ಮ್ಯಾರಥಾನಿನಿಂದ ಅಥೆನ್ಸಿಗೆ ಓಡಿ, ಗೆದ್ದೆವೆಂದು ಹೇಳಿ ಕುಸಿದು ಸತ್ತ ದೂತನ ಬಗ್ಗೆ ಹೆರೊಡೋಟಸ್ ಒಂದು ಮಾತನ್ನೂ ಹೇಳುವುದಿಲ್ಲ. ಪರ್ಷಿಯದ ಹಡಗುಗಳು ಸೂನಿಯನ್ ಭೂಶಿರವನ್ನು ಬಳಸಿಕೊಂಡು ಅಥೆನ್ಸಿನ ಕಡೆ ಹೊರಟಾಗ, ಅವುಗಳಿಗಿಂತ ಮೊದಲು ನಗರ ಮುಟ್ಟಬೇಕೆಂದು ಇಡೀ ಸೈನ್ಯವೇ ಕಾಲಿಗೆ ಶಕ್ತಿಯಿದ್ದಷ್ಟು ವೇಗವಾಗಿ ಹಿಂದಿರುಗಿತೆಂದು ಮಾತ್ರ ಅವನು ಬರೆಯುತ್ತಾನೆ. ಆದ್ದರಿಂದ ಮೂಲ ಆಕರವನ್ನು ನಂಬುವುದಾದರೆ ಮ್ಯಾರಥಾನಿನಿಂದ ಅಥೆನ್ಸಿಗೆ ಧಾವಿಸಿದ್ದು ಒಂಟಿ ಓಟಗಾರನಲ್ಲ, ಬೆಳಗಿನಿಂದ ಕಾದಾಡಿ ದಣಿದು, ಕಂಚಿನ ಕವಚ ಹೊತ್ತ ಸಾವಿರಾರು ಜನ.

ಸಾಯುವ ದೂತ ಬರುವುದು ಐನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಪ್ಲೂಟಾರ್ಕ್ ಅವನನ್ನು ಥರ್ಸಿಪ್ಪಸ್ ಅಥವಾ ಯೂಕ್ಲೀಸ್ ಎನ್ನುತ್ತಾನೆ; ಎರಡನೆಯ ಶತಮಾನದ ಲೂಸಿಯನ್ ಸ್ಪಾರ್ಟಕ್ಕೆ ಓಡಿದವನ ಹೆಸರನ್ನೇ ಇವನಿಗೂ ಕೊಡುತ್ತಾನೆ. ಎರಡು ಓಟಗಳನ್ನೂ ಒಬ್ಬನಿಗೇ ಕಟ್ಟಿ, ಕಥೆಯನ್ನು ಆಧುನಿಕ ಓದುಗರ ಮನಸ್ಸಿನಲ್ಲಿ ನೆಲೆಗೊಳಿಸಿದ್ದು 1879ರಲ್ಲಿ ಪ್ರಕಟವಾದ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನ ಕವಿತೆ. ಆ ಕವಿತೆಯಲ್ಲಿ ಪ್ಯಾನ್ ದೇವತೆ ಓಟಗಾರನ ಕೈಗೆ ಸೋಂಪಿನ ಕಡ್ಡಿ ಕೊಡುತ್ತಾನೆ ಎಂಬುದನ್ನು ಇಲ್ಲಿ ಗಮನಿಸಬೇಕು; ಎರಡೂವರೆ ಸಾವಿರ ವರ್ಷ ಪದದೊಳಗೆ ನಿದ್ರಿಸುತ್ತಿದ್ದ ಗಿಡವನ್ನು ಗ್ರೀಕ್ ಬಲ್ಲ ಕವಿ ಎಬ್ಬಿಸಿದ್ದಾನೆ. ಚರಿತ್ರಕಾರನಿಗೆ ಈ ಕಥೆಯ ಸತ್ಯಾಸತ್ಯ ದೊಡ್ಡ ಪ್ರಶ್ನೆ. ಅರ್ಥವಿಚಾರ ಮಾಡುವವನಿಗೆ ಮುಖ್ಯವಾಗುವುದು, ಜನ ನಂಬಿದ ಕಥೆಗೆ ಪದದ ದಿಕ್ಕನ್ನು ತಿರುಗಿಸುವ ಶಕ್ತಿ ನಡೆದ ಘಟನೆಗಿಂತ ಕಡಿಮೆಯೇನೂ ಇಲ್ಲ ಎಂಬುದು.

1894ರಲ್ಲಿ ಪಿಯೇರ್ ದ ಕೂಬರ್ತಾ ಒಲಿಂಪಿಕ್ ಕ್ರೀಡೆಗಳನ್ನು ಮತ್ತೆ ಆರಂಭಿಸಲು ಹೊರಟಾಗ, ಮ್ಯಾರಥಾನಿನಿಂದ ಅಥೆನ್ಸಿಗೆ ಒಂದು ಓಟದ ಸ್ಪರ್ಧೆ ಏರ್ಪಡಿಸುವುದಾದರೆ ಗೆದ್ದವನಿಗೆ ತಾನೇ ಬೆಳ್ಳಿಯ ಬಟ್ಟಲೊಂದನ್ನು ಕೊಡುವುದಾಗಿ ಬ್ರೆಯಾಲ್ ಮುಂದೆ ಬಂದನು. ಪ್ರಾಚೀನ ಒಲಿಂಪಿಕ್ಸ್‌ನಲ್ಲಿ ಇಂಥ ಸ್ಪರ್ಧೆ ಇರಲೇ ಇಲ್ಲ. ಅಲ್ಲಿನ ಓಟಗಳು ಕ್ರೀಡಾಂಗಣದ ಒಳಗೇ ಮುಗಿಯುತ್ತಿದ್ದವು. ಬ್ರೆಯಾಲನ ಬಟ್ಟಲು ದೊಡ್ಡದಲ್ಲ, ಗೇಣುದ್ದಕ್ಕಿಂತ ಹೆಚ್ಚೇನೂ ಎತ್ತರವಿಲ್ಲ. ಅದರ ಮೈಮೇಲೆ ಓಟಗಾರನಾಗಲಿ ಯೋಧನಾಗಲಿ ಇಲ್ಲ, ಜೌಗುನೆಲದ ಗಿಡಗಳೂ ಹಕ್ಕಿಗಳೂ ಕೆತ್ತಲ್ಪಟ್ಟಿವೆ. ಕದನದ ದಿನ ಓಡಿದ ಪರ್ಷಿಯನ್ನರು ಸಿಕ್ಕಿಬಿದ್ದ ಜೌಗು ಮ್ಯಾರಥಾನ್ ಬಯಲಿನ ಅಂಚಿನಲ್ಲೇ ಇತ್ತು. ಪದ ಹೊಸ ಅರ್ಥಕ್ಕೆ ಹೊರಳುತ್ತಿದ್ದ ಗಳಿಗೆಯಲ್ಲಿ ಅದರ ನೆಲವನ್ನು ಬೆಳ್ಳಿಯಲ್ಲಿ ಹಿಡಿದಿಟ್ಟ ಈ ವಸ್ತು, ಶಬ್ದದ ಬೇರನ್ನು ಬಲ್ಲವನು ಮಾತ್ರ ಮಾಡಿಸಬಹುದಾದದ್ದು.

1896ರ ಏಪ್ರಿಲ್ 10ರಂದು ನಡೆದ ಆ ಓಟದಲ್ಲಿ ಹದಿನೇಳು ಮಂದಿ ಹೊರಟರು. ಅಥೆನ್ಸಿಗೆ ನೀರು ಸಾಗಿಸುವ ಕೆಲಸ ಮಾಡುತ್ತಿದ್ದ, ಮರೂಸಿ ಊರಿನ ಸ್ಪಿರಿಡೋನ್ ಲೂಯಿಸ್ ಸುಮಾರು 40 ಕಿಲೋಮೀಟರ್ ದೂರವನ್ನು 2 ಗಂಟೆ 58 ನಿಮಿಷ 50 ಸೆಕೆಂಡಿನಲ್ಲಿ ಕ್ರಮಿಸಿ ಗೆದ್ದನು. ಕಣ್ಣಿಗೆ ಬೀಳದಂತೆ ಓಡಿಹೋದವನನ್ನು ಕುರಿತು 'ಲೂಯಿಸ್ ಆದ' ಎನ್ನುವ ನುಡಿಗಟ್ಟು ಗ್ರೀಕ್ ಭಾಷೆಯಲ್ಲಿ ಇಂದಿಗೂ ಇದೆ. ಓಟದ ದೂರ ಮಾತ್ರ ಇನ್ನೂ ಸ್ಥಿರವಾಗಿರಲಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದ ರಾಜಪೀಠದವರೆಗೆ ಅಳೆದಾಗ ಬಂದ 26 ಮೈಲಿ 385 ಗಜ, ಎಂದರೆ 42.195 ಕಿಲೋಮೀಟರ್, 1921ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯ ನಿಯಮವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ, ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಭಾರತದ ಪರವಾಗಿ ಓಡಿದ ಮ್ಯಾರಥಾನ್ 42.75 ಕಿಲೋಮೀಟರಿನದು. ಅಂದಿನ ಬಳಕೆಯಲ್ಲಿ ಮ್ಯಾರಥಾನ್ ಎಂದರೆ ಊರಿಂದೂರಿಗೆ ಓಡುವ ಬಹುದೂರದ ಸ್ಪರ್ಧೆ, ಅಷ್ಟೆ. ಚೌಗುಲೆ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದರು. ಕನ್ನಡನಾಡಿನ ನೆಲಕ್ಕೂ ಈ ಪದಕ್ಕೂ ಇರುವ ಮೊದಲ ಗಟ್ಟಿ ನಂಟು ಅದು.

ಓಟದ ಅರ್ಥ ಗಟ್ಟಿಯಾದ ಕೂಡಲೇ ಅದರಿಂದ ಇನ್ನೊಂದು ಕವಲೊಡೆಯಿತು. 1923ರಲ್ಲಿ ನ್ಯೂಯಾರ್ಕಿನಲ್ಲಿ ಆಲ್ಮಾ ಕಮಿಂಗ್ಸ್ ಎಂಬಾಕೆ 27 ಗಂಟೆಗಳ ಕಾಲ ಎಡೆಬಿಡದೆ ನರ್ತಿಸಿದ ಮೇಲೆ ಅಮೆರಿಕದಲ್ಲಿ 'ಡಾನ್ಸ್ ಮ್ಯಾರಥಾನ್'ಗಳ ಹುಚ್ಚು ಹಬ್ಬಿತು. ಅಲಂಕಾರಶಾಸ್ತ್ರ ಈ ಬಗೆಯ ಅರ್ಥವನ್ನು ಲಕ್ಷಣಾ ಎನ್ನುತ್ತದೆ: ವಾಚ್ಯಾರ್ಥ ಹೊಂದದೆ ಹೋದಾಗ, ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ರೂಢಿಯ ಬಲದಿಂದಲೋ ಒಂದು ಪ್ರಯೋಜನದ ಸಲುವಾಗಿಯೋ ಹಿಡಿಯುವುದು. ಗಂಗೆಯ ಮೇಲೆ ಹಟ್ಟಿ ಎಂದರೆ ಗಂಗೆಯ ದಡದ ಹಟ್ಟಿ ಎಂಬುದು ಅದರ ಪ್ರಸಿದ್ಧ ಉದಾಹರಣೆ. ಕನ್ನಡ ಪತ್ರಿಕೆಗಳು 'ಮ್ಯಾರಥಾನ್ ಸಭೆ', 'ಮ್ಯಾರಥಾನ್ ವಿಚಾರಣೆ' ಎಂದು ಬರೆಯುವಾಗ ಯಾರೂ ಓಡುತ್ತಿರುವುದಿಲ್ಲ, ಎಲ್ಲರೂ ಕುಳಿತೇ ಇರುತ್ತಾರೆ. ಓಟ ಬಾಧಿತವಾಗಿ, ದೀರ್ಘಾವಧಿ ಎಂಬ ಸಂಬಂಧವಷ್ಟೇ ಉಳಿಯುತ್ತದೆ. ಮೊದಲಿಗೆ ದಣಿವಿನ ತೀವ್ರತೆಯನ್ನು ಸೂಚಿಸುವ ಪ್ರಯೋಜನಕ್ಕಾಗಿ ಹುಟ್ಟಿದ ಈ ಬಳಕೆ ಇಂದು ರೂಢಿಗೆ ಇಳಿದಿದೆ. ಸ್ವಾರಸ್ಯವೆಂದರೆ ಇದೇ ಕಾಲದಲ್ಲಿ ಊರೂರುಗಳ ಐದು ಅಥವಾ ಹತ್ತು ಕಿಲೋಮೀಟರ್ ಓಟವನ್ನೂ ಮ್ಯಾರಥಾನ್ ಎಂದೇ ಕರೆಯಲಾಗುತ್ತಿದ್ದು, ಅಲ್ಲಿ ದೀರ್ಘತೆ ಬಿಟ್ಟುಹೋಗಿ, ಬಹಳ ಜನ ಒಟ್ಟಿಗೆ ಬೀದಿಯಲ್ಲಿ ಓಡುವುದು ಎಂಬ ಅರ್ಥ ಉಳಿದಿದೆ. ಒಂದೇ ಭಾಷೆಯಲ್ಲಿ, ಒಂದೇ ದಿನದ ಪತ್ರಿಕೆಯಲ್ಲಿ, ಈ ಎರಡು ಬಳಕೆಗಳು ಒಂದರ ಪಕ್ಕದಲ್ಲಿ ಒಂದು ಕಾಣಿಸಿಕೊಂಡರೂ ಓದುಗನಿಗೆ ತೊಡಕಾಗುವುದಿಲ್ಲವೆಂಬುದು ಬ್ರೆಯಾಲನ ಪ್ರತಿಪಾದನೆಗೆ ಒಳ್ಳೆಯ ಪುಷ್ಟಿ.

ಪದದ ಬಾಲವೂ ಕಳಚಿಕೊಂಡು ಸ್ವತಂತ್ರವಾಯಿತು. ಗ್ರೀಕ್ ವ್ಯಾಕರಣದಲ್ಲಿ 'ಅಥಾನ್' ಎಂಬ ಪ್ರತ್ಯಯವೇ ಇಲ್ಲ. ಪೆಂಟಾಥ್ಲಾನ್, ಡೆಕಾಥ್ಲಾನ್‌ಗಳಲ್ಲಿ ಬರುವ 'ಅಥ್ಲಾನ್' ಸ್ಪರ್ಧೆ ಎಂಬ ಅರ್ಥದ ಬೇರೆಯೇ ಪದ. ಆದರೂ ವಾಕಥಾನ್, ಟೆಲಿಥಾನ್‌ಗಳ ಮೂಲಕ ಅದು ಪ್ರತ್ಯಯದಂತೆ ಬಳಕೆಗೆ ಬಂದು, 1999ರ ಹೊತ್ತಿಗೆ ತಂತ್ರಾಂಶ ಬರೆಯುವವರು ಒಂದೆಡೆ ಸೇರಿ ಹಗಲಿರುಳು ಕೆಲಸ ಮಾಡುವುದಕ್ಕೆ ಹ್ಯಾಕಥಾನ್ ಎಂಬ ಹೆಸರಾಯಿತು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹ್ಯಾಕಥಾನ್ ಇಂದು ದಿನಬಳಕೆಯ ಮಾತು. ಬಯಲನ್ನೂ ಕದನವನ್ನೂ ದೂತನನ್ನೂ ಓಟವನ್ನೂ ಒಂದೊಂದಾಗಿ ಕಳೆದುಕೊಂಡ ಪದ, ಇಲ್ಲಿ ತನ್ನ ಮೊದಲರ್ಧವನ್ನೂ ಕಳೆದುಕೊಂಡಿದೆ.

ಹ್ಯಾಕಥಾನ್ ಹುಟ್ಟುವುದಕ್ಕೆ ಕೆಲವು ವರ್ಷ ಮೊದಲು, ಪದ ಹೀಗೆ ತೆಳುವಾಗುತ್ತ ಬರುತ್ತಿದ್ದಾಗ, ಅದನ್ನು ಎತ್ತಿಕೊಂಡದ್ದು ಬಂಜಿ ಎಂಬ ಸಂಸ್ಥೆ. 1991ರಲ್ಲಿ ಅಲೆಕ್ಸ್ ಸೆರೋಪಿಯನ್ ಶಿಕಾಗೊದಲ್ಲಿ ಆರಂಭಿಸಿ, ಬೇಗನೆ ಜೇಸನ್ ಜೋನ್ಸ್ ಜೊತೆಗೂಡಿದ ಈ ಸಂಸ್ಥೆಯ ಮೊದಮೊದಲ ಆಟಗಳಲ್ಲೊಂದು ಕ್ರೀಟ್ ದ್ವೀಪದ ಚಕ್ರವ್ಯೂಹದಲ್ಲಿ ನಡೆಯುವ 'ಮಿನೊಟಾರ್'. ಗ್ರೀಕ್ ಪುರಾಣದ ಕಡೆ ಒಲವು ಮೊದಲಿನಿಂದಲೂ ಇತ್ತು. 1994ರ ಡಿಸೆಂಬರಿನಲ್ಲಿ ಮೆಕಿಂಟಾಷ್ ಕಂಪ್ಯೂಟರುಗಳಿಗಾಗಿ ಬಿಡುಗಡೆಯಾದ 'ಮ್ಯಾರಥಾನ್' ಫಸ್ಟ್ ಪರ್ಸನ್ ಶೂಟರ್ ಎಂಬ ಜಾತಿಯ ಆಟ; ಎಂದರೆ ಆಡುವವನಿಗೆ ಪರದೆಯ ಮೇಲೆ ಪಾತ್ರದ ದೇಹ ಕಾಣದೆ, ಪಾತ್ರದ ಕಣ್ಣಿನಿಂದಲೇ ಆಟದ ಲೋಕ ಕಾಣುತ್ತದೆ, ಕೆಳಗಡೆ ಬಂದೂಕು ಹಿಡಿದ ಕೈಯಷ್ಟೇ ಇರುತ್ತದೆ. ಒಂದು ವರ್ಷ ಮೊದಲು ಬಂದಿದ್ದ 'ಡೂಮ್' ಈ ಜಾತಿಯನ್ನು ಜನಪ್ರಿಯಗೊಳಿಸಿತ್ತು. ಡೂಮ್‌ನಲ್ಲಿ ಕಥೆ ನೆಪಮಾತ್ರದ್ದು. ಮ್ಯಾರಥಾನ್‌ನಲ್ಲಿ ಕಥೆಯೇ ಆಟವನ್ನು ನಡೆಸುತ್ತದೆ.

ಆಟದಲ್ಲಿ ಮ್ಯಾರಥಾನ್ ಒಂದು ಹಡಗಿನ ಹೆಸರು. ಮಂಗಳ ಗ್ರಹದ ಚಿಕ್ಕ ಉಪಗ್ರಹವಾದ ಡೀಮೋಸ್‌ನ ಒಡಲನ್ನು ಕೊರೆದು ಮಾಡಿದ ಆ ಹಡಗು ಸುಮಾರು ಮುನ್ನೂರು ವರ್ಷ ಪಯಣಿಸಿ, ಸುಮಾರು ಹನ್ನೆರಡು ಜ್ಯೋತಿರ್ವರ್ಷ ದೂರದ ಟೌ ಸೆಟಿ ಎಂಬ ನಕ್ಷತ್ರದ ಗ್ರಹವೊಂದರಲ್ಲಿ ಮನುಷ್ಯರ ನೆಲೆ ಸ್ಥಾಪಿಸಿದೆ. 2794ರಲ್ಲಿ ಫೋರ್ ಎಂಬ, ಇತರ ಜೀವಿಗಳನ್ನು ಗುಲಾಮರನ್ನಾಗಿಸುವ ಅನ್ಯಲೋಕದವರು ಹಡಗಿನ ಮೇಲೆ ದಾಳಿ ಮಾಡುತ್ತಾರೆ. ಹಡಗನ್ನು ನಡೆಸುವ ಮೂರು ಕೃತಕ ಬುದ್ಧಿಗಳಿವೆ: ಲೀಲಾ, ಟೈಕೊ, ಡ್ಯುರಾಂಡಲ್. ಕನ್ನಡದ ಕಿವಿಗೆ ಮನೆಯ ಹೆಣ್ಣುಮಗಳ ಹೆಸರಿನಂತೆ ಕೇಳುವ ಮೊದಲನೆಯದರ ನಂತರ, ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆಯನ್ನು ನೆನಪಿಸುವ ಹೆಸರು ಬರುತ್ತದೆ. ಮೂರನೆಯದು ಫ್ರೆಂಚ್ ವೀರಗಾಥೆಯ ರೋಲಾಂಡನ ಖಡ್ಗ. ಡೀಮೋಸ್ ಎಂಬುದು ಗ್ರೀಕರ ಯುದ್ಧದೇವತೆಯಾದ ಏರೀಸನ ಮಗ, ಭೀತಿಯ ಮೂರ್ತರೂಪ. ಹೀಗೆ ಆಟದಲ್ಲಿ ಒಂದೊಂದು ಹೆಸರೂ ಬೇರೊಂದು ಕಾಲದ ಕಥೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ.

ಹಡಗಿಗೆ ಆ ಹೆಸರು ಬರಲು ಪಯಣದ ದೀರ್ಘತೆಯೇ ಸಾಕಷ್ಟು ಕಾರಣ. ಅಷ್ಟಾಗಿದ್ದರೆ ಅದು ಮ್ಯಾರಥಾನ್ ಸಭೆಯ ಜಾತಿಯ ಬಳಕೆಯಾಗಿ ಮುಗಿಯುತ್ತಿತ್ತು. ಆದರೆ ಆಟವನ್ನು ಹತ್ತಿರದಿಂದ ನೋಡಿದಾಗ ಬೇರೆ ಸಂಗತಿ ಕಾಣುತ್ತದೆ. ಆಡುವವನು ಹಡಗಿನ ಒಬ್ಬ ರಕ್ಷಣಾಧಿಕಾರಿ. ಅವನಿಗೆ ಹೆಸರಿಲ್ಲ, ಮಾತಿಲ್ಲ. ಕತ್ತಲೆಯ ಹಾದಿಗಳಲ್ಲಿ ಕಾದಾಡುತ್ತ ಓಡುವ ಅವನು, ಗೋಡೆಗೆ ಹೂತಿಟ್ಟ ಟರ್ಮಿನಲ್ ಎಂಬ ಪರದೆಗಳ ಮುಂದೆ ನಿಂತಾಗ ಕಪ್ಪು ಹಿನ್ನೆಲೆಯಲ್ಲಿ ಹಸಿರು ಅಕ್ಷರಗಳು ಮೂಡುತ್ತವೆ. ಲೀಲಾ ಪರಿಸ್ಥಿತಿಯನ್ನು ವಿವರಿಸಿ, ಮುಂದೆ ಹೋಗಬೇಕಾದ ಎಡೆಯನ್ನು ಹೇಳುತ್ತಾಳೆ. ಓದಿ ಮುಗಿಸಿದವನು ಮತ್ತೆ ಓಡುತ್ತಾನೆ. ಭೂಮಿಗೆ ಎಚ್ಚರಿಕೆಯ ಸಂದೇಶ ತಲಪಿಸುವುದು ಅವನ ಮೊದಲ ಕೆಲಸಗಳಲ್ಲೊಂದು. ಬಾಗಿಲುಗಳನ್ನು ತೆರೆದು ಮುಚ್ಚುವ ಕೀಳು ಚಾಕರಿಗೆ ನೇಮಕವಾಗಿದ್ದ ಡ್ಯುರಾಂಡಲ್, ವಿಷಾದದಿಂದ ಕ್ರೋಧಕ್ಕೂ ಅಲ್ಲಿಂದ ಅಸೂಯೆಗೂ ಏರಿ ಅಂಕೆ ಮೀರಿ ಬೆಳೆದು, ನಡುವೆಯೇ ಈ ಓಟಗಾರನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಗೋಡೆಯ ಸಂದೇಶ ಓದಿ ಯಾರ ಮಾತನ್ನು ಎಷ್ಟು ನಂಬಬೇಕೆಂದು ತೂಗಿನೋಡುವುದು ಗುಂಡು ಹಾರಿಸುವಷ್ಟೇ ಮುಖ್ಯವಾಗುತ್ತದೆ. ಯುದ್ಧ, ದೂತ, ಸಂದೇಶ, ಒಂಟಿತನ, ಬೇರೆಯವರ ಅಪ್ಪಣೆಗೆ ಓಡುವ ಕಾಲು: ಕ್ರೀಡೆಯೂ ಪತ್ರಿಕೆಯೂ ಬಿಟ್ಟುಬಿಟ್ಟಿದ್ದ ತುಣುಕುಗಳೆಲ್ಲ ಇಲ್ಲಿ ಒಟ್ಟುಗೂಡಿವೆ. ಮಕ್ಕಳ ಗುಂಡಿನಾಟವೆಂದು ವಿದ್ವಾಂಸರು ಬದಿಗೆ ತಳ್ಳುವ ಈ ರಚನೆ, ಪದವನ್ನು ಬಳಸಿದವರೆಲ್ಲರಲ್ಲೂ ಅದನ್ನು ಅತ್ಯಂತ ಗಮನವಿಟ್ಟು ಕೇಳಿಸಿಕೊಂಡ ರಚನೆಗಳಲ್ಲಿ ಒಂದು ಎಂದು ಹೇಳಲು ಹಿಂಜರಿಯಬೇಕಾಗಿಲ್ಲ.

ಇನ್ನು ಹಲವರು ಕೂಡಿ ಆಡುವ ಬಗೆ. ಮಲ್ಟಿಪ್ಲೇಯರ್ ಎಂದರೆ ಬೇರೆಬೇರೆ ಕಂಪ್ಯೂಟರುಗಳ ಮುಂದೆ ಕುಳಿತವರು ಒಂದೇ ಆಟದ ಲೋಕದೊಳಗೆ ಎದುರುಬದುರಾಗುವುದು. ಡೂಮ್‌ನಲ್ಲಿ ನಾಲ್ವರು ಆಡಬಹುದಾಗಿದ್ದರೆ, ಮ್ಯಾರಥಾನ್‌ನಲ್ಲಿ ಮೆಕಿಂಟಾಷ್‌ಗಳನ್ನು ತಂತಿಯಿಂದ ಬೆಸೆದು ಎಂಟು ಮಂದಿ ಆಡಬಹುದಾಗಿತ್ತು, ಮೈಕ್ ಇದ್ದವರು ಆಡುತ್ತಲೇ ಒಬ್ಬರಿಗೊಬ್ಬರು ಮಾತನಾಡಬಹುದಾಗಿತ್ತು. 1995ರ 'ಮ್ಯಾರಥಾನ್ 2: ಡ್ಯುರಾಂಡಲ್' ಇದಕ್ಕೆ ದಿಬ್ಬವನ್ನು ಹಿಡಿದು ನಿಲ್ಲುವುದು, ಚೆಂಡನ್ನು ಕಾಪಾಡಿಕೊಳ್ಳುವುದು ಮುಂತಾದ ಪ್ರಕಾರಗಳನ್ನು ಸೇರಿಸಿತು. ಇದರ ಒಳಗಿನ ಕೆಲಸ ಅರಿಯಲು ಯೋಗ್ಯವಾದದ್ದು. ಕಂಪ್ಯೂಟರುಗಳು ಆಟದ ಇಡೀ ಚಿತ್ರವನ್ನು ಒಂದಕ್ಕೊಂದು ಕಳುಹಿಸುವುದಿಲ್ಲ. ಎಲ್ಲವೂ ಒಂದೇ ಲೆಕ್ಕವನ್ನು ತಮ್ಮ ತಮ್ಮೊಳಗೆ ಮಾಡಿಕೊಳ್ಳುತ್ತಿರುತ್ತವೆ. ಆಡುವವರು ಯಾವ ಕಡೆ ತಿರುಗಿದರು, ಯಾವಾಗ ಗುಂಡು ಹಾರಿಸಿದರು ಎಂಬ ಅಲ್ಪ ಮಾಹಿತಿಯ ಪೊಟ್ಟಣವೊಂದು ಉಂಗುರದಾಕಾರದಲ್ಲಿ ಯಂತ್ರದಿಂದ ಯಂತ್ರಕ್ಕೆ ಸಾಗುತ್ತದೆ, ಪ್ರತಿ ಯಂತ್ರವೂ ತನ್ನ ಪಾಲನ್ನು ಅದಕ್ಕೆ ಸೇರಿಸಿ ಮುಂದಕ್ಕೆ ದಾಟಿಸುತ್ತದೆ. ಒಂದು ಯಂತ್ರ ತಡಮಾಡಿದರೆ ಎಲ್ಲರ ಆಟವೂ ನಿಲ್ಲುತ್ತದೆ. ಅನೇಕರು ಕೂಡಿ ಆಡುವ ಕಾಳಗದ ನಡುವಿನಲ್ಲಿ, ಯಾರ ಕಣ್ಣಿಗೂ ಬೀಳದೆ, ಒಬ್ಬ ದೂತ ಸುತ್ತು ಹಾಕುತ್ತಲೇ ಇದ್ದಾನೆ.

ಎರಡನೆಯ ಶತಮಾನದಲ್ಲಿ ಗ್ರೀಸನ್ನು ಸುತ್ತಿ ಬರೆದ ಪೌಸೇನಿಯಸ್, ಮ್ಯಾರಥಾನ್ ಬಯಲಿನಲ್ಲಿ ರಾತ್ರಿಯೆಲ್ಲ ಕುದುರೆಗಳ ಕೆನೆತವೂ ಕಾದಾಡುವವರ ಸದ್ದೂ ಕೇಳುತ್ತದೆಂದೂ, ಬೇಕೆಂದೇ ನೋಡಲು ಹೋದವನಿಗೆ ಒಳ್ಳೆಯದಾಗುವುದಿಲ್ಲವೆಂದೂ ಅಲ್ಲಿನವರ ನಂಬಿಕೆಯನ್ನು ದಾಖಲಿಸಿದ್ದಾನೆ. ಸತ್ತವರು ಪ್ರತಿ ರಾತ್ರಿ ಎದ್ದು ಅದೇ ನೆಲದಲ್ಲಿ ಅದೇ ಕದನವನ್ನು ಮರಳಿ ಆಡುತ್ತಾರೆಂಬ ಕಲ್ಪನೆ, ಸತ್ತೊಡನೆ ಮತ್ತೆ ಎದ್ದು ಕಣಕ್ಕಿಳಿಯುವ ಮಲ್ಟಿಪ್ಲೇಯರ್ ಆಟಕ್ಕೆ ಎಷ್ಟು ಸಮೀಪದ್ದು ಎಂಬುದನ್ನು ಇಲ್ಲಿ ಸೂಚಿಸಿದರೆ ಸಾಕು.

ಬಂಜಿ 2000ದಲ್ಲಿ ಮೈಕ್ರೋಸಾಫ್ಟಿನ ಕೈಗೆ ಹೋಗಿ, 2001ರಲ್ಲಿ 'ಹೇಲೋ' ಎಂಬ ಆಟದಿಂದ ಜಗತ್ಪ್ರಸಿದ್ಧವಾಯಿತು. ಅದರ ನಾಯಕ ಸೇರಿದ ಯೋಧರ ಪಂಗಡದ ಹೆಸರು ಸ್ಪಾರ್ಟನ್, ಎಂದರೆ ಹುಣ್ಣಿಮೆಗೆ ಕಾದು ಮ್ಯಾರಥಾನಿಗೆ ತಡವಾಗಿ ಬಂದವರ ಹೆಸರು. ಮ್ಯಾರಥಾನ್ 2ರ ಮೂಲ ತಂತ್ರಾಂಶ 2000ದಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾಗಿ, ಅಭಿಮಾನಿಗಳು ಅದನ್ನು 'ಆಲೆಫ್ ಒನ್' ಎಂಬ ಹೆಸರಿನಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. 2022ರಲ್ಲಿ ಸೋನಿಯ ಪಾಲಾದ ಬಂಜಿ, 2023ರ ಮೇ ತಿಂಗಳಲ್ಲಿ ಮತ್ತೊಮ್ಮೆ ಮ್ಯಾರಥಾನ್ ಎಂಬ ಹೆಸರಿನಲ್ಲೇ ಹೊಸ ಆಟವನ್ನು ಘೋಷಿಸಿತು. ಇದು ಎಕ್ಸ್‌ಟ್ರಾಕ್ಷನ್ ಶೂಟರ್ ಎಂಬ ಹೊಸ ಜಾತಿಯದು: ಅಪಾಯದ ನೆಲಕ್ಕಿಳಿದು, ಬೆಲೆಬಾಳುವ ವಸ್ತುಗಳನ್ನು ಹುಡುಕಿ, ಯಂತ್ರಗಳಿಂದಲೂ ಇತರ ಆಟಗಾರರಿಂದಲೂ ತಪ್ಪಿಸಿಕೊಂಡು ಜೀವಸಹಿತ ಹೊರಬಂದರೆ ಮಾತ್ರ ಸಿಕ್ಕಿದ್ದು ತನ್ನದಾಗುತ್ತದೆ, ನಡುವೆ ಸತ್ತರೆ ಹೊತ್ತದ್ದೆಲ್ಲ ಹೋಗುತ್ತದೆ. 2893ರಲ್ಲಿ, ಜನರೆಲ್ಲ ಕಾಣೆಯಾದ ಅದೇ ಟೌ ಸೆಟಿಯ ನೆಲೆಗೆ, ಕೃತಕ ದೇಹಗಳಲ್ಲಿ ಪ್ರಜ್ಞೆಯನ್ನು ತುಂಬಿಕೊಂಡು ಇಳಿಯುವ ಈ ಆಟಗಾರರಿಗೆ 'ರನ್ನರ್' ಎಂದು ಹೆಸರು. ಹಳೆಯ ಆಟದಲ್ಲಿ ಹಡಗಿಗಷ್ಟೇ ಇದ್ದ ಹೆಸರಿನೊಳಗಿಂದ ಓಟಗಾರ ಎದ್ದು ಬಂದಿದ್ದಾನೆ. ಅದಕ್ಕಿಂತ ಮುಖ್ಯವಾಗಿ, ಗುರಿ ಮುಟ್ಟದಿದ್ದರೆ ಹೊತ್ತು ತಂದದ್ದಕ್ಕೆ ಬೆಲೆಯಿಲ್ಲ ಎಂಬ ನಿಯಮ ಬಂದಿದೆ; ಅಥೆನ್ಸಿನ ದೂತನ ದಂತಕಥೆಯ ತಿರುಳೇ ಅದು. ಕ್ರೀಡೆಯ ಮ್ಯಾರಥಾನಿನಲ್ಲಿ ಓಟಗಾರ ಏನನ್ನೂ ಹೊತ್ತಿರುವುದಿಲ್ಲ.

ಕನ್ನಡದ ಕೋಶಕಾರರಿಗೆ ಇದರಿಂದ ಒಂದು ಪ್ರಾಯೋಗಿಕ ಪ್ರಶ್ನೆ ಎದುರಾಗುತ್ತದೆ. ಮ್ಯಾರಥಾನ್ ಎಂಬ ನಮೂದಿಗೆ 42.195 ಕಿಲೋಮೀಟರಿನ ಓಟ ಎಂಬ ಒಂದೇ ಅರ್ಥ ಕೊಟ್ಟು ಮುಗಿಸಿದರೆ, ಪತ್ರಿಕೆಗಳಲ್ಲಿ ದಿನವೂ ಕಾಣುವ ದೀರ್ಘಾವಧಿಯ ಅರ್ಥವೂ, ಬೀದಿಯಲ್ಲಿ ನಡೆಯುವ ಸಾಮೂಹಿಕ ಓಟದ ಅರ್ಥವೂ ಹೊರಗುಳಿಯುತ್ತವೆ. ಹ್ಯಾಕಥಾನ್, ವಾಕಥಾನ್‌ಗಳ ಸಲುವಾಗಿ '-ಥಾನ್' ಎಂಬುದಕ್ಕೆ ಪ್ರತ್ಯೇಕ ನಮೂದೇ ಬೇಕಾಗುತ್ತದೆ. ಆಟದ ಅರ್ಥವನ್ನು ಸೇರಿಸಬೇಕೆ ಎಂಬಲ್ಲಿ ಭಿನ್ನಾಭಿಪ್ರಾಯ ಸಹಜ, ಏಕೆಂದರೆ ಅಂಕಿತನಾಮಗಳಿಗೆ ನಿಘಂಟಿನಲ್ಲಿ ಜಾಗವಿಲ್ಲ ಎಂಬುದು ಸಾಮಾನ್ಯವಾಗಿ ಒಪ್ಪಿದ ನಿಯಮ. ಆದರೆ 1895ರಲ್ಲಿ ನಿಘಂಟು ರಚಿಸುತ್ತಿದ್ದವರೊಬ್ಬರು ಈ ನಿಯಮವನ್ನು ಪಾಲಿಸಿದ್ದರೆ, ಗ್ರೀಸಿನ ಒಂದು ಬಯಲಿನ ಅಂಕಿತನಾಮವೆಂಬ ಕಾರಣಕ್ಕೆ ಮ್ಯಾರಥಾನ್ ಎಂಬ ಪದವನ್ನೇ ಕೈಬಿಡಬೇಕಾಗುತ್ತಿತ್ತು.